ಹಿತ್ತಲ ಗಿಡವೂ ಮದ್ದೇ

(ಬಾನುಲಿ ಭಾಷಣದ ಬರಹರೂಪ)

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ವ್ಯಂಗ್ಯವಾಗಿಯೇ ಆಡುತ್ತೇವೆ. ಕೈಯಳತೆಯಲ್ಲಿರುವ ಗುಣವನ್ನು ಮನೆಯವರು ಕಾಣರು, ಊರ ಕವಿಗೆ ಊರಿನಲ್ಲಿ ಮರ್ಯಾದೆಯಿಲ್ಲ ಎಂಬುದು ಅದರ ಇಂಗಿತ. ಆದರೆ ಈ ಗಾದೆಯನ್ನು ನಮ್ಮ ಜನ ಅಕ್ಷರಶಃ ನಂಬಿ ನಡೆಯುವ ಸಂದರ್ಭವೊಂದುಂಟು. ಅದು ಶಸ್ತ್ರಚಿಕಿತ್ಸೆಯ ಮುನ್ನಾದಿನ. ಆಸ್ಪತ್ರೆಯಲ್ಲಿ ವೈದ್ಯರು ಬಂದು, "ಯಾವುದಾದರೂ ಮಾತ್ರೆ, ಔಷಧಿ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳುತ್ತಾರೆ. ವರ್ಷಗಟ್ಟಲೆ ಬೆಳಗ್ಗೆ ಕಷಾಯ, ರಾತ್ರಿ ಚೂರ್ಣ ನುಂಗಿದ ಮನುಷ್ಯ, "ಏನೂ ಇಲ್ಲ ಸ್ವಾಮಿ" ಎಂದು ನಿಶ್ಚಿಂತೆಯಿಂದ ಉತ್ತರ ಕೊಡುತ್ತಾನೆ. ಆತ ಸುಳ್ಳು ಹೇಳುತ್ತಿಲ್ಲ. ಅವನ ನಿಘಂಟಿನಲ್ಲಿ ಹಿತ್ತಲ ಗಿಡ ಮದ್ದಲ್ಲ, ಅಷ್ಟೆ.

ಮದ್ದು ಎಂಬ ನಮ್ಮ ಶಬ್ದವಾದರೋ ಬಹು ವಿಚಿತ್ರವಾದುದು. ಜ್ವರ ಬಂದವನಿಗೆ ಕೊಡುವುದೂ ಮದ್ದೇ. ಆಗದವರು ಅನ್ನದಲ್ಲಿ ಕಲಸಿ ಹಾಕಿದರೆಂದು ಹಳ್ಳಿಗಳಲ್ಲಿ ಪಿಸುಗುಟ್ಟುವುದೂ ಮದ್ದೇ. ಕೋಟೆಯ ತೋಪುಗಳಿಗೆ ತುಂಬುತ್ತಿದ್ದುದೂ ಮದ್ದೇ. ಬಹುಪಾಲು ಆಂಧ್ರದ ಸೀಮೆಯಿಂದ ಸುತ್ತುವರಿದ ಪಾವಗಡದ ಕಡೆಗೆ ಹೋದರೆ, ಅಲ್ಲಿ ಅನೇಕರ ಮನೆಮಾತಾದ ತೆಲುಗಿನಲ್ಲಿ ಇದೇ ಶಬ್ದ ಮಂದು ಎಂದಾಗಿ ಹೆಂಡವನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಗುಣ ಮಾಡುವುದು, ಕೊಲ್ಲುವುದು, ಸಿಡಿಯುವುದು, ಮತ್ತೇರಿಸುವುದು—ಈ ನಾಲ್ಕನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟ ನಮ್ಮ ಹಿರಿಯರಿಗೆ ವಸ್ತುವಿನ ಸ್ವಭಾವ ಗೊತ್ತಿತ್ತೆಂದೇ ಹೇಳಬೇಕು. ಮಧುಗಿರಿಗೂ ಹಿಂದೆ ಮದ್ದಗಿರಿ ಎಂಬ ರೂಪವಿತ್ತು. ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿ ಹಾಗೆಯೇ ಕಾಣಸಿಗುತ್ತದೆ. ಜೇನಿನ ಬೆಟ್ಟವೆಂಬ ಅರ್ಥವನ್ನೇ ಊರಿನವರು ಹೇಳುತ್ತಾರೆ, ನನಗೂ ಅದಕ್ಕೆ ತಕರಾರಿಲ್ಲ. ಆದರೂ ಮದ್ದಗಿರಿ ಎಂದೊಡನೆ ಕಿವಿಗೆ ಮದ್ದಿನ ಗಿರಿ ಎಂದು ಕೇಳಿಸುವುದನ್ನು ತಡೆಯಲಾರೆ. ಇದನ್ನು ವ್ಯುತ್ಪತ್ತಿಯೆಂದು ಯಾರೂ ಎತ್ತಿಕೊಳ್ಳಬಾರದು.

ಈ ಸೀಮೆಯ ಜನಕ್ಕೆ ಬೇರು ಸೊಪ್ಪುಗಳ ಸಹವಾಸ ಹೊಸದಲ್ಲ. ಕೊರಟಗೆರೆಯ ಹತ್ತಿರ ಸಿದ್ಧರ ಬೆಟ್ಟವಿದೆ. ಗುಹೆಯೊಳಗೆ ಸಿದ್ಧೇಶ್ವರ, ಬಂಡೆಯ ಒಡಲಿನಿಂದ ಒಸರುವ ನೀರು, ಸುತ್ತ ಕುರುಚಲು ಕಾಡು. ಇಲ್ಲಿ ಬೆಳೆಯದ ಮೂಲಿಕೆಯೇ ಇಲ್ಲವೆಂದು ಸುತ್ತಣ ಹಳ್ಳಿಗಳವರ ನಂಬಿಕೆ. ಬೆಟ್ಟ ಹತ್ತಿದವರು ತೀರ್ಥದ ಜೊತೆಗೆ ಒಂದು ಹಿಡಿ ಸೊಪ್ಪನ್ನೋ ಬೇರನ್ನೋ ತರದೆ ಇಳಿಯುವುದು ಅಪರೂಪ. ಬಿಜಾಪುರದವರೂ ಅನಂತರ ಮೊಗಲರೂ ಆಳಿದ, 1687ರಿಂದ ಸುಬೆಯ ರಾಜಧಾನಿಯಾಗಿ ಮೆರೆದ ಸಿರಾದಲ್ಲಿ ಹಕೀಮ ಎಂಬ ಮಾತು ಪಂಡಿತ ಎಂಬ ಮಾತಿನಷ್ಟೇ ಪರಿಚಿತ. ಬಯಲುಸೀಮೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಕಡಮೆ, ಆಸ್ಪತ್ರೆ ಬಹು ಕಾಲ ದೂರ. ಹೀಗಿರಲು ಬೇಲಿಯ ಮೇಲಿನ ಬಳ್ಳಿಯೇ ಮೊದಲ ವೈದ್ಯನಾದುದರಲ್ಲಿ ಆಶ್ಚರ್ಯವೇನು?

ಕೆಲವು ವರ್ಷಗಳ ಹಿಂದೆ ಕೊರಟಗೆರೆ ಕಡೆಯ ನನ್ನ ಸೋದರಮಾವನವರಿಗೆ ಹರ್ನಿಯಾದ ಆಪರೇಷನ್ ಆಗಬೇಕಾಗಿತ್ತು. ಪಟ್ಟಣದ ಒಂದು ಆಸ್ಪತ್ರೆಗೆ ಸೇರಿಸಿದೆವು. ಸಕ್ಕರೆ ಕಾಯಿಲೆ ಇದ್ದುದರಿಂದ, ಬೆಳಗಿನ ಮಾತ್ರೆ ಬೇಡ, ರಾತ್ರಿ ಊಟವಾದ ಮೇಲೆ ಏನನ್ನೂ ಮುಟ್ಟಕೂಡದು ಎಂದು ಹೇಳಿದ್ದರು. ಬೆಳಗ್ಗೆ ನೋಡುತ್ತೇನೆ, ಮನುಷ್ಯ ಬೆವರಿನಲ್ಲಿ ತೊಯ್ದುಹೋಗಿದ್ದಾರೆ, ಮಾತು ತೊದಲುತ್ತಿದೆ. ದಾದಿ ಮೊದಲು ಇದು ಭಯವೆಂದೇ ಎಣಿಸಿದಳು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ತೀರ ಕೆಳಗಿಳಿದಿತ್ತು. ಗ್ಲೂಕೋಸ್ ಏರಿಸಿದರು, ಆಪರೇಷನ್ ಮುಂದಕ್ಕೆ ಹೋಯಿತು. ಚೇತರಿಸಿಕೊಂಡ ಮೇಲೆ ನಾನು, "ಮಾವ, ಏನಾದರೂ ತಗೊಂಡಿದ್ದಿರಾ?" ಎಂದು ಕೇಳಿದೆ. ಅತ್ತೆ ಚೀಲದಿಂದ ಒಂದು ಸೀಸೆ ತೆಗೆದಿಟ್ಟರು. ಮಧುನಾಶಿನಿಯ ಎಲೆಯ ಪುಡಿ. ನಾಲ್ಕು ವರ್ಷದಿಂದ ನಡೆದುಬಂದ ಪಾಠ. "ಮಾತ್ರೆ ಬೇಡ ಅಂದರಲ್ಲ, ಅದಕ್ಕೇ ಪುಡೀನೇ ಒಂದು ಚಮಚ ಜಾಸ್ತಿ ಹಾಕ್ಕೊಂಡೆ. ಅದು ಮದ್ದಲ್ಲ ಕಣಯ್ಯ, ಸೊಪ್ಪು" ಎಂದರು ಮಾವ.

ಸೊಪ್ಪೊಂದರಿಂದಲೇ ಹೀಗಾಯಿತೆಂದು ವೈದ್ಯರು ಹೇಳಲಿಲ್ಲ. ಹಿಂದಿನ ದಿನದ ಮಾತ್ರೆಯ ಬಲ ಇನ್ನೂ ಇಳಿದಿರಲಿಲ್ಲ, ಹೊಟ್ಟೆ ಖಾಲಿ, ಅದರ ಮೇಲೆ ಇದೊಂದು. ಆದರೆ ಅವರು ಆಡಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿತು: ಅರ್ಧ ಗಂಟೆ ತಡವಾಗಿದ್ದರೆ ಇವರು ಅರಿವಳಿಕೆಯಲ್ಲಿ ಮಲಗಿರುತ್ತಿದ್ದರು, ತೊದಲುವ ನಾಲಿಗೆ ನಮಗೆ ಕಾಣುತ್ತಲೇ ಇರಲಿಲ್ಲ. ಎಚ್ಚರವಿರುವ ದೇಹ ತನ್ನ ಸಂಕಟವನ್ನು ತಾನೇ ಹೇಳಿಕೊಳ್ಳುತ್ತದೆ. ಮಲಗಿಸಿದ ದೇಹದ ಪರವಾಗಿ ಬೇರೆ ಯಾರೋ ಮೊದಲೇ ಹೇಳಿರಬೇಕು. ಈ ಇಕ್ಕಟ್ಟು ಎಂದಿನಿಂದ ಹುಟ್ಟಿತು ಎಂಬುದನ್ನು ಹುಡುಕುತ್ತ ಹೋದಾಗ ಕಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲಿಗೆ ಸುಶ್ರುತ. ಶಸ್ತ್ರಕರ್ಮವನ್ನು ಆತ ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರಾಗಿ ವಿಂಗಡಿಸುತ್ತಾನೆ. ಕತ್ತಿ ಹಿಡಿಯುವ ಮೊದಲು ಏನೇನು ಸಿದ್ಧವಿರಬೇಕು, ರೋಗಿಗೆ ಊಟ ಕೊಡಬೇಕೆ ಬೇಡವೆ ಎಂಬುದಕ್ಕೆ ಸೂತ್ರಸ್ಥಾನದಲ್ಲಿ ಸ್ಪಷ್ಟವಾದ ವಿಧಿಯಿದೆ. ಮೂಢಗರ್ಭ, ಉದರ, ಮೂಲವ್ಯಾಧಿ, ಅಶ್ಮರಿ, ಭಗಂದರ, ಬಾಯಿಯ ರೋಗ—ಇವುಗಳಲ್ಲಿ ಬರಿಹೊಟ್ಟೆ. ಮಿಕ್ಕವುಗಳಲ್ಲಿ ರೋಗಿಗೆ ಉಣಿಸಿ, ಕುಡಿಯುವ ಅಭ್ಯಾಸವಿದ್ದವನಿಗೆ ಮದ್ಯವನ್ನೂ ಕೊಡಬೇಕು. ಅನ್ನದಿಂದ ಮೂರ್ಛೆ ಬಾರದು, ಮದ್ಯದಿಂದ ಶಸ್ತ್ರದ ನೋವು ತಿಳಿಯದು ಎಂಬುದು ಕಾರಣ. ಹರಿಯುವ ರಕ್ತವನ್ನು ನಿಲ್ಲಿಸಲು ನಾಲ್ಕು ಉಪಾಯಗಳನ್ನು ಹೇಳುತ್ತಾನೆ. ಅವುಗಳಲ್ಲಿ ಮೊದಲನೆಯದೇ ಒಗರಾದ ಗಿಡಮೂಲಿಕೆಗಳ ಪ್ರಯೋಗ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಷಾಯ ಕೊಡುವವನೂ ಕತ್ತಿ ಹಿಡಿಯುವವನೂ ಒಬ್ಬನೇ. ರೋಗಿಯ ಹೊಟ್ಟೆಯಲ್ಲಿ ಯಾವ ಬೇರಿದೆಯೆಂದು ಆತ ಯಾರನ್ನೂ ಕೇಳಬೇಕಾಗಿರಲಿಲ್ಲ, ಬೇರು ಕೊಟ್ಟವನು ತಾನೇ ಆದ್ದರಿಂದ.

ನಮ್ಮ ಕನ್ನಡ ಕವಿಗಳೂ ಈ ದಾರಿಯಲ್ಲಿ ಹೆಜ್ಜೆಯಿಟ್ಟವರೇ. ಸಾಹಿತ್ಯ ಚರಿತ್ರೆ ಓದುವಾಗ ಪಂಪ ರನ್ನರ ನಡುವೆ ನಾವು ಇವರನ್ನು ದಾಟಿಕೊಂಡು ಹೋಗಿಬಿಡುತ್ತೇವೆ. ತರಗತಿಯಲ್ಲಿ ನಾನೂ ಹಾಗೆ ದಾಟಿಸಿದವನೇ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಲೋಕೋಪಕಾರವನ್ನು ಬರೆದ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟು ಚಿಕಿತ್ಸೆ ಹೇಳಿದ್ದು ಆ ಜೈನ ವೈದ್ಯದ ವೈಶಿಷ್ಟ್ಯ. 1360ರ ಸುಮಾರಿಗೆ ಒಂದನೆಯ ಮಂಗರಾಜ ಖಗೇಂದ್ರಮಣಿದರ್ಪಣವನ್ನು ರಚಿಸಿದ. ವಿಷಕ್ಕೇ ಮೀಸಲಾದ ಕಾವ್ಯ ಅದು. ಹಾವು ಚೇಳುಗಳಿಂದ ಬರುವ ಜಂಗಮ ವಿಷಕ್ಕೆ ಕೊಡುವಷ್ಟೇ ಗಮನವನ್ನು ಗಿಡಬೇರುಗಳ ಸ್ಥಾವರ ವಿಷಕ್ಕೂ ಅವನು ಕೊಡುತ್ತಾನೆ. ನೆಲದಲ್ಲಿ ಬೆಳೆದುದೆಲ್ಲ ನಿರಪಾಯ ಎಂಬ ಭ್ರಮೆ ಆತನಿಗಿರಲಿಲ್ಲ. ಅದಕ್ಕಿಂತಲೂ ಹೆಚ್ಚಾಗಿ, ಇವರೆಲ್ಲ ಮದ್ದಿನ ಹೆಸರನ್ನು ಬಯಲಲ್ಲಿ ಹೇಳಿದವರು. ಎಲ್ಲರಿಗೂ ತಿಳಿಯಲೆಂದು ದೇಶಭಾಷೆಯಲ್ಲಿ ಬರೆದಿಟ್ಟವರು. ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂಬ ನಾಟಿ ವೈದ್ಯರ ಕಟ್ಟಳೆಯೊಂದಿದೆಯಲ್ಲ, ಅದು ಈ ಗ್ರಂಥಕಾರರ ಪರಂಪರೆಯಲ್ಲ.

ಕತ್ತಿಗೆ ಮುನ್ನ ಬೇರಿನಿಂದ ನಿದ್ದೆ ಬರಿಸುವ ಆಸೆ ಬಹಳ ಹಳೆಯದು. ಬಲ್ಲಾಳನ ಭೋಜಪ್ರಬಂಧದಲ್ಲಿ, ತಲೆನೋವಿನಿಂದ ನರಳುತ್ತಿದ್ದ ಭೋಜರಾಜನಿಗೆ ಮೋಹಚೂರ್ಣ ಕೊಟ್ಟು ಮೈಮರೆಸಿ, ತಲೆಯೋಡು ತೆರೆದು, ಮತ್ತೆ ಸಂಜೀವನಿಯಿಂದ ಎಬ್ಬಿಸಿದ ಕಥೆ ಬರುತ್ತದೆ. ಕಥೆ ಕಥೆಯೇ. ನಿಜವಾಗಿ ನಡೆದದ್ದು ಜಪಾನಿನಲ್ಲಿ. ಹನವೋಕಾ ಸೇಯಿಷು ಎಂಬ ವೈದ್ಯ 1804ರಲ್ಲಿ ದತ್ತೂರಿ, ವತ್ಸನಾಭಿ ಮೊದಲಾದ ಗಿಡಗಳಿಂದ ಮಾಡಿದ ಔಷಧಿಯನ್ನು ಕುಡಿಸಿ ಮಲಗಿಸಿ, ವೃದ್ಧೆಯೊಬ್ಬಳ ಸ್ತನದ ಏಡಿಗಂತಿಯನ್ನು ಕತ್ತರಿಸಿ ತೆಗೆದ. ಈಥರ್ ಬರುವುದಕ್ಕೆ ಇನ್ನೂ ನಲವತ್ತೆರಡು ವರ್ಷ ಇತ್ತು. ಆ ಪಾಕದ ಅಳತೆ ಗೊತ್ತಾಗಲೆಂದು ಆತನ ಹೆಂಡತಿ ತನ್ನ ಮೇಲೆಯೇ ಪ್ರಯೋಗ ಮಾಡಿಸಿಕೊಂಡು ಕಣ್ಣು ಕಳೆದುಕೊಂಡಳೆಂದು ಪ್ರತೀತಿ. 1966ರಲ್ಲಿ ಸಾವಾಕೊ ಅರಿಯೋಷಿ ಎಂಬ ಲೇಖಕಿ ಅವಳ ಬಾಳನ್ನೇ ಕಾದಂಬರಿಯಾಗಿ ಬರೆದಳು. ನಮ್ಮ ಹಾದಿಬದಿಯ ಉಮ್ಮತ್ತಿಯೂ ಇದೇ ದತ್ತೂರಿಯ ಬಳಗ. ಅದರ ಸತ್ತ್ವವಾದ ಅಟ್ರೊಪಿನ್ ಇಂದಿಗೂ ಅರಿವಳಿಕೆಯ ವೈದ್ಯರ ಪೆಟ್ಟಿಗೆಯಲ್ಲಿರುತ್ತದೆ. ಅಂದಮೇಲೆ ಗಿಡಮೂಲಿಕೆಗೂ ಆಪರೇಷನ್ ಕೋಣೆಗೂ ಬದ್ಧವೈರವೇನೂ ಇಲ್ಲ. ಒಂದರಿಂದ ಇನ್ನೊಂದು ಹುಟ್ಟಿದ್ದು.

ಇತ್ತ ನಮ್ಮ ಸೀಮೆಗೆ ಬಂದರೆ, 1800ರಲ್ಲಿ ಮಧುಗಿರಿ ಸಿರಾಗಳನ್ನು ಹಾದುಹೋದ ಫ್ರಾನ್ಸಿಸ್ ಬುಕನನ್ ನೆನಪಾಗುತ್ತಾನೆ. ಟಿಪ್ಪುವಿನ ಪತನದ ಮರುವರ್ಷ, ಹೊಸದಾಗಿ ಕೈಸೇರಿದ ನಾಡನ್ನು ನೋಡಿ ಬರೆಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳುಹಿಸಿದ ಈ ಸ್ಕಾಟ್ಲೆಂಡಿನವನು ವೃತ್ತಿಯಿಂದ ವೈದ್ಯ, ಒಲವಿನಿಂದ ಸಸ್ಯಶಾಸ್ತ್ರಜ್ಞ. ಆ ಕಾಲದ ವೈದ್ಯನಿಗೆ ಗಿಡದ ಗುರುತು ಇದ್ದೇ ಇರಬೇಕಾಗಿತ್ತು. ಅಷ್ಟೇಕೆ, ಆಗಿನ ಶಸ್ತ್ರವೈದ್ಯನೂ ರೋಗಿಯ ಕೂಗನ್ನು ಕೇಳುತ್ತಲೇ ಕತ್ತರಿಸಬೇಕಾಗಿತ್ತು. 1846ರ ಅಕ್ಟೋಬರ್ 16ರಂದು ಬೋಸ್ಟನ್ ನಗರದಲ್ಲಿ ಮಾರ್ಟನ್ ಈಥರಿನಿಂದ ರೋಗಿಯನ್ನು ಮಲಗಿಸಿ ತೋರಿಸಿದ. ಮರುವರ್ಷ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮ್ ತಂದ. ಅಲ್ಲಿಂದಾಚೆಗೆ ಕೂಗು ನಿಂತಿತು. ಅದರೊಂದಿಗೆ ದೇಹ ಕೊಡುತ್ತಿದ್ದ ಸುಳಿವೂ ನಿಂತಿತು. ಕ್ಲೋರೋಫಾರ್ಮಿನಲ್ಲಿ ಸಾಯುವವರಿಗೆ ಮೊದಲು ಉಸಿರು ನಿಲ್ಲುತ್ತದೆಯೋ ಹೃದಯ ನಿಲ್ಲುತ್ತದೆಯೋ ಎಂದು ಪರೀಕ್ಷಿಸಲು ನಿಜಾಮರ ಹೈದರಾಬಾದಿನಲ್ಲಿಯೇ 1888ರಲ್ಲೊಂದು, 1889ರಲ್ಲೊಂದು ಆಯೋಗ ಕೂತದ್ದುಂಟು.

ಮೈಸೂರು ಸಂಸ್ಥಾನದಲ್ಲಿ ವೈದ್ಯ ಎರಡು ಹೊಳೆಯಾಗಿ ಕವಲೊಡೆದದ್ದು ಸುಮಾರಾಗಿ ಈ ಕಾಲದ ಅನಂತರವೇ. 1900ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಬಾಗಿಲು ತೆರೆಯಿತು. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಹುಟ್ಟಿತು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಹೋಯಿತು. ಎರಡಕ್ಕೂ ಅರಮನೆಯ ಆಶ್ರಯವೇನೋ ದೊರೆಯಿತು. ಆದರೆ ಕತ್ತಿ ಒಂದು ಕಡೆಗೆ, ಕಷಾಯ ಇನ್ನೊಂದು ಕಡೆಗೆ ಹೋದವು. ಇವರ ಮಾತು ಅವರಿಗೆ ಬೇಡವಾಯಿತು. ಅಳಲೆಕಾಯಿ ಪಂಡಿತ ಎಂಬ ಹೀಯಾಳಿಕೆಯನ್ನು ನಾವು ಓದುಬಲ್ಲವರು ಎಷ್ಟು ಸಲೀಸಾಗಿ ಆಡುತ್ತೇವೆ! ರೋಗಿಯಾದರೋ ಎರಡೂ ದಡಗಳಿಗೆ ಓಡಾಡುವವನು. ಒಂದು ದಡದಲ್ಲಿ ನಡೆದದ್ದನ್ನು ಇನ್ನೊಂದರಲ್ಲಿ ಹೇಳಿದರೆ ಬೈಗುಳ ಖಂಡಿತವೆಂದು ಅವನಿಗೆ ಗೊತ್ತು. ಹೇಳದಿರುವುದನ್ನು ಅವನಿಗೆ ಯಾರು ಕಲಿಸಿದರು ಎಂದು ಬೇರೆ ಕೇಳಬೇಕೆ? 2020ರ ನವೆಂಬರಿನಲ್ಲಿ ಆಯುರ್ವೇದದ ಶಲ್ಯ, ಶಾಲಾಕ್ಯ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ 58 ಶಸ್ತ್ರಕರ್ಮಗಳನ್ನು ಕಲಿಸಬೇಕೆಂಬ ಅಧಿಸೂಚನೆ ಹೊರಟಾಗ ಎದ್ದ ಪ್ರತಿಭಟನೆಯನ್ನು ನೆನೆದರೆ, ಈ ಎರಡು ಹೊಳೆಗಳು ಇನ್ನೂ ಎಷ್ಟು ದೂರ ಹರಿಯುತ್ತಿವೆಯೆಂಬುದು ತಿಳಿಯುತ್ತದೆ. ಆ ವಾದದ ಒಳಹೊರಗಿಗೆ ನಾನು ಹೋಗುವುದಿಲ್ಲ. ಅದು ನನ್ನ ಅಧಿಕಾರದ ಮಾತಲ್ಲ.

ಈ ಎರಡು ಹೊಳೆಗಳು ಆಪರೇಷನ್ ಮೇಜಿನ ಮೇಲೆ ಡಿಕ್ಕಿ ಹೊಡೆದ ಹಳೆಯ ಪ್ರಸಂಗಗಳಲ್ಲಿ ಪ್ರಸಿದ್ಧವಾದದ್ದು ನಮ್ಮದೇ ಬೇರೊಂದರದು. ಸರ್ಪಗಂಧ; ಕನ್ನಡದಲ್ಲಿ ಸೂತ್ರನಾಭಿ ಎಂದೂ ಹೇಳುವುದುಂಟು. ಹುಚ್ಚಿಗೂ ನಿದ್ದೆಗೂ ಹಾವಿನ ವಿಷಕ್ಕೂ ನಮ್ಮವರು ಬಳಸುತ್ತಿದ್ದ ಬೇರು. 1931ರಲ್ಲಿ ಸೇನ್ ಮತ್ತು ಬೋಸ್ ಎಂಬ ಬಂಗಾಳದ ವೈದ್ಯರು ಇದರಿಂದ ರಕ್ತದ ಒತ್ತಡ ಇಳಿಯುತ್ತದೆಂದು ಬರೆದರು. 1934ರಲ್ಲಿ, ಮುಂದೆ ಬೆಂಗಳೂರಿಗೆ ನೆಲೆ ಬದಲಿಸಿದ ಹಿಮಾಲಯ ಕಂಪನಿ ಇದನ್ನು ಸರ್ಪಿನಾ ಎಂಬ ಮಾತ್ರೆಯಾಗಿಸಿ ಮಾರುಕಟ್ಟೆಗೆ ತಂದಿತು. 1949ರಲ್ಲಿ ಮುಂಬಯಿಯ ರುಸ್ತಮ್ ಜಾಲ್ ವಕೀಲ್ ತಮ್ಮ 50 ರೋಗಿಗಳ ಅನುಭವವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತು ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಎರಡು ಮೂರು ವರ್ಷಗಳಲ್ಲಿ ಅಮೆರಿಕದಲ್ಲಿ ಮನೆಮನೆಯ ಮಾತ್ರೆಯಾಯಿತು ನಮ್ಮ ಹಿತ್ತಲ ಗಿಡ.

ಆಮೇಲೆ ಅಲ್ಲಿನ ಅರಿವಳಿಕೆ ವೈದ್ಯರು ಬೆಚ್ಚಿದರು. ಸರ್ಪಗಂಧ ಸೇವಿಸುತ್ತಿದ್ದ ಕೆಲವರಲ್ಲಿ ಮಲಗಿಸಿದ ಸ್ವಲ್ಪ ಹೊತ್ತಿಗೆ ರಕ್ತದ ಒತ್ತಡ ಸರ್ರನೆ ಕುಸಿಯತೊಡಗಿತು. 1956ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಕೋಕ್ಲಿ ಮತ್ತು ಸಂಗಡಿಗರ ವರದಿ ಬಂದಿತು. ಕಾರಣವನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳಬಹುದು. ನರಗಳ ತುದಿಯಲ್ಲಿ ಹೃದಯವನ್ನೂ ರಕ್ತನಾಳಗಳನ್ನೂ ಬಿಗಿಯಾಗಿ ನಿಲ್ಲಿಸುವ ರಸವೊಂದು, ಹಗೇವಿನಲ್ಲಿ ರಾಗಿ ತುಂಬಿಟ್ಟಂತೆ, ತುಂಬಿರುತ್ತದೆ. ಆಪತ್ತು ಬಂದಾಗ ದೇಹ ಹಗೇವನ್ನು ತೆರೆಯುತ್ತದೆ. ಸರ್ಪಗಂಧ ದಿನವೂ ಸದ್ದಿಲ್ಲದೆ ಆ ಹಗೇವನ್ನು ಬರಿದುಮಾಡುತ್ತದೆ. ಒತ್ತಡ ಇಳಿಯುವುದು ಅದರಿಂದಲೇ. ಬಿದ್ದ ಒತ್ತಡವನ್ನು ಎತ್ತಲು ವೈದ್ಯರು ಚುಚ್ಚುತ್ತಿದ್ದ ಮದ್ದುಗಳಲ್ಲಿ ಎಫೆಡ್ರಿನ್ ಒಂದು. ಅದೂ ಗಿಡದಿಂದಲೇ ಬಂದದ್ದು, ಚೀನೀಯರು ಸಾವಿರಾರು ವರ್ಷ ಬಳಸಿದ ಎಫೆಡ್ರಾದಿಂದ. ಅದು ಕೆಲಸ ಮಾಡುವುದು ಬಹುಮಟ್ಟಿಗೆ ಹಗೇವಿನ ಬಾಗಿಲು ತೆಗೆದು. ಒಂದು ಗಿಡ ಬರಿದುಮಾಡಿದ ಹಗೇವಿನ ಬಾಗಿಲನ್ನು ಇನ್ನೊಂದು ಗಿಡ ಎಷ್ಟು ತಟ್ಟಿದರೇನು? ಆಪರೇಷನ್ನಿಗೆ ಎರಡು ವಾರ ಮೊದಲೇ ಇದನ್ನು ನಿಲ್ಲಿಸಬೇಕೆಂಬ ನಿಯಮ ಹುಟ್ಟಿದ್ದು ಆಗ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1960ರ ದಶಕದಲ್ಲಿ ಬೇರೆ ವೈದ್ಯರು ಮತ್ತೆ ಪರೀಕ್ಷಿಸಿ, ಎಲ್ಲರಿಗೂ ನಿಲ್ಲಿಸಬೇಕಾಗಿಲ್ಲ, ಅರಿವಳಿಕೆ ಕೊಡುವವನಿಗೆ ಮೊದಲೇ ಗೊತ್ತಿದ್ದು ಆತ ತಕ್ಕ ಮದ್ದನ್ನು ಆರಿಸಿಕೊಂಡರೆ ಸಾಕು ಎಂದರು. ಒತ್ತಡದ ಔಷಧಿಯನ್ನು ಥಟ್ಟನೆ ಬಿಡುವುದರಲ್ಲಿಯೂ ಅಪಾಯವಿರುತ್ತದೆ. ಆದ್ದರಿಂದ ಇದನ್ನು ಕೇಳಿ ಯಾರೂ ತಾವೇ ತಮ್ಮ ಮಾತ್ರೆಗಳನ್ನು ನಿಲ್ಲಿಸಬಾರದು. ಸರ್ಪಗಂಧದ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ನಿಲ್ಲಿಸುವ ನಿಯಮವಲ್ಲ. ಅಲ್ಲಿ ಬೇರು ಮಾತ್ರೆಯಾಗಿತ್ತು, ಚೀಟಿಯಲ್ಲಿ ಬರೆದಿತ್ತು. ಆದ್ದರಿಂದ ವೈದ್ಯರಿಗೆ ಕಾರಣ ಕೈಗೆ ಸಿಕ್ಕಿತು. ಅದೇ ಬೇರನ್ನು ಅರೆದು ಮಜ್ಜಿಗೆಯಲ್ಲಿ ಕುಡಿದು ಬಂದವನ ಒತ್ತಡ ಕುಸಿದರೆ ಯಾರಿಗೆ ಹೊಳೆಯುತ್ತದೆ?

ಮಾತ್ರೆಯಲ್ಲದ ಸೊಪ್ಪು ಬೇರುಗಳ ಕಡೆಗೆ ದೊಡ್ಡ ವೈದ್ಯಪತ್ರಿಕೆಗಳು ನಿಟ್ಟಿಸಿ ನೋಡಿದ್ದು ಬಹಳ ತಡವಾಗಿ. 2001ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಮೂವರು ವೈದ್ಯರು ಎಂಟು ಮೂಲಿಕೆಗಳನ್ನು ಹಿಡಿದು, ಶಸ್ತ್ರಚಿಕಿತ್ಸೆಗೆ ಎಷ್ಟು ಮೊದಲು ಯಾವುದನ್ನು ಬಿಡಬೇಕೆಂದು ಬರೆದರು. ಅವುಗಳಲ್ಲಿ ನಮಗೆ ಹತ್ತಿರದ್ದು ಬೆಳ್ಳುಳ್ಳಿ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳನ್ನು ಅದು ಮಂಕುಗೊಳಿಸುತ್ತದೆ. ಏಳು ದಿನ ಮೊದಲೇ ಬಿಡಬೇಕೆಂಬುದು ಅವರ ಮಾತು. 1990ರಲ್ಲಿ, ವಿಪರೀತ ಬೆಳ್ಳುಳ್ಳಿ ತಿನ್ನುತ್ತಿದ್ದ 87 ವರ್ಷದ ವೃದ್ಧನೊಬ್ಬನಿಗೆ ಬೆನ್ನುಹುರಿಯ ಬಳಿ ತಾನಾಗಿಯೇ ರಕ್ತ ಒಸರಿದ ಸಂಗತಿ ನರಶಸ್ತ್ರವೈದ್ಯರ ಪತ್ರಿಕೆಯಲ್ಲಿ ಬಂದಿತ್ತು. ಸಾರಿನ ಒಗ್ಗರಣೆಯ ಬೆಳ್ಳುಳ್ಳಿಗೆ ಯಾರೂ ಹೆದರಬೇಕಾಗಿಲ್ಲ. ಮಾತಿರುವುದು ಸಾರ ಇಳಿಸಿ ಗುಳಿಗೆಯಲ್ಲಿ ತುಂಬಿದ್ದರ ಬಗ್ಗೆ, ಕೊಲೆಸ್ಟ್ರಾಲಿಗೆಂದು ದಿನವೂ ಜಜ್ಜಿ ನುಂಗುವುದರ ಬಗ್ಗೆ. ಗಿಂಕ್ಗೊ, ಜಿನ್‌ಸೆಂಗ್ ಎಂಬವೂ ಆ ಎಂಟರಲ್ಲಿದ್ದವು. ಎಫೆಡ್ರಾವನ್ನಂತೂ 2004ರಲ್ಲಿ ಅಮೆರಿಕ ಸರಕಾರ ಆಹಾರಪೂರಕಗಳಲ್ಲಿ ಬಳಸದಂತೆ ನಿಷೇಧಿಸಿತು. ಅಲ್ಲಿನ ಅರಿವಳಿಕೆ ತಜ್ಞರ ಸಂಘವು ಸಾಧ್ಯವಾದರೆ ಎರಡು ವಾರ ಮೊದಲೇ ಇಂಥವನ್ನು ಬಿಡಿರೆಂದು ಹೇಳಿತು. ಗಂಟಲಿಗೆ ಹಿತವೆಂದು ನಾವು ಉಪನ್ಯಾಸಕರು ಬಾಯಲ್ಲಿಟ್ಟುಕೊಳ್ಳುವ ಜೇಷ್ಠಮಧುವೂ ಸಾಧುವಲ್ಲ. 1946ರಲ್ಲಿ ರೇವರ್ಸ್ ಎಂಬ ಡಚ್ ವೈದ್ಯ ಅದನ್ನು ಹೊಟ್ಟೆಯ ಹುಣ್ಣಿಗೆ ಕೊಟ್ಟು ನೋಡಿದಾಗ ಕೆಲವರಿಗೆ ಮೈ ಊದಿಕೊಂಡಿತು. ಹೆಚ್ಚು ದಿನ ಹೆಚ್ಚು ತಿಂದರೆ ಒತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಸೋರಿಹೋಗುತ್ತದೆ; ಅದು ಕಡಮೆಯಾದ ಹೃದಯ ಅರಿವಳಿಕೆಯಲ್ಲಿ ತಾಳ ತಪ್ಪಬಹುದು.

ಇನ್ನು ಅಮೃತಬಳ್ಳಿ. ಕೊರೋನಾದ ದಿನಗಳಲ್ಲಿ ಆ ಬಳ್ಳಿಗೆ ಬಂದ ಬೇಡಿಕೆಯನ್ನು ತಾವೆಲ್ಲ ಕಂಡಿದ್ದೀರಿ. 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು, ಅದನ್ನು ಸೇವಿಸಿ ಯಕೃತ್ತು ಕೆಟ್ಟ ಆರು ರೋಗಿಗಳ ವಿವರ ಬರೆದರು. ಅದು ಅಮೃತಬಳ್ಳಿಯೇ ಎಂಬುದು ಖಚಿತವಲ್ಲ, ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯಿರಬಹುದು ಎಂದು ಆಯುಷ್ ಮಂತ್ರಾಲಯ ಒಪ್ಪಲಿಲ್ಲ. ಮರುವರ್ಷ 13 ಆಸ್ಪತ್ರೆಗಳಿಂದ 43 ರೋಗಿಗಳ ಇನ್ನೊಂದು ವರದಿ ಬಂತು. ವಾದ ಏನೇ ಇರಲಿ, ಅನೇಕ ಅರಿವಳಿಕೆ ಔಷಧಿಗಳನ್ನು ದೇಹದಿಂದ ಕಳೆಯುವ ಅಂಗ ಯಕೃತ್ತೇ. ಕಾಮಾಲೆಯ ಸುಳಿವಿರುವವನನ್ನು ಮಲಗಿಸುವ ಮೊದಲು ವೈದ್ಯನಿಗೆ ಬಳ್ಳಿಯ ಹೆಸರು ಗೊತ್ತಿರಬೇಕು. ಬಾಟಲಿಯಲ್ಲಿ ಬರುವುದರ ವಿಷಯ ಇನ್ನೂ ಬೇರೆ. 2004ರಲ್ಲಿ ಬೋಸ್ಟನ್ನಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಸಿದ್ಧೌಷಧಗಳಲ್ಲಿ 14ರಲ್ಲಿ ಸೀಸ, ಪಾದರಸ, ಪಾಷಾಣಗಳಲ್ಲಿ ಒಂದಲ್ಲ ಒಂದು ಇತ್ತೆಂದು ಪರೀಕ್ಷೆಯಿಂದ ತಿಳಿದುಬಂತು.

ಪಾವಗಡದಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮದವರು ನಡೆಸುವ ಕಣ್ಣಿನ ಆಸ್ಪತ್ರೆಯಿದೆ. ಆ ಸೀಮೆಯ ಎಷ್ಟೋ ವೃದ್ಧರು ಬಾಳಿನಲ್ಲಿ ಕಾಣುವ ಒಂದೇ ಒಂದು ಶಸ್ತ್ರಚಿಕಿತ್ಸೆ ಕಣ್ಣಿನ ಪೊರೆಯದು. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿ ಮಾಡುವ ಆ ಕೆಲಸದಲ್ಲಿ ಇಷ್ಟೊಂದು ಗಂಡಾಂತರವಿಲ್ಲ. ಸುಲಭವಾಗಿ ಮುಗಿಯಿತಲ್ಲ ಎಂಬ ಧೈರ್ಯದಿಂದಲೇ ಮುಂದೆ ಹೊಟ್ಟೆಯ, ಕೀಲಿನ, ಹೃದಯದ ದೊಡ್ಡ ಆಪರೇಷನ್ನಿಗೂ ಅವರು ಹಾಗೆಯೇ, ಸೀಸೆಯನ್ನು ಚೀಲದಲ್ಲಿಟ್ಟುಕೊಂಡೇ ಹೋಗುತ್ತಾರೆ.

ಬಚ್ಚಿಡುವುದು ನಮ್ಮ ಹಳ್ಳಿಯವರ ಗುಣವೆಂದು ಪಟ್ಟಣದವರು ಮೂಗು ಮುರಿಯಬೇಕಾಗಿಲ್ಲ. 1990ರಲ್ಲಿ ಅಮೆರಿಕದಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಬದಲಿ ಚಿಕಿತ್ಸೆಗಳ ಮೊರೆ ಹೋದವರಲ್ಲಿ ನೂರಕ್ಕೆ 72 ಮಂದಿ ತಮ್ಮ ವೈದ್ಯರಿಗೆ ಅದನ್ನು ತಿಳಿಸಿಯೇ ಇರಲಿಲ್ಲ. ಅಲ್ಲಿಯೂ ವೈದ್ಯರು ಕೇಳಲಿಲ್ಲ, ಇವರು ಹೇಳಲಿಲ್ಲ.

ನಮ್ಮ ಮಾವನವರನ್ನು ಎರಡು ವಾರ ಕಳೆದು ಮತ್ತೆ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಈ ಸಲ ಬಂದ ಅರಿವಳಿಕೆಯ ವೈದ್ಯೆ ಚಿಕ್ಕ ವಯಸ್ಸಿನವಳು, ಮಾತಿನ ಧಾಟಿಯಿಂದ ನಮ್ಮ ಕಡೆಯವಳೇ ಎಂದು ತೋರುತ್ತಿತ್ತು. ಮಾತ್ರೆಯ ಸುದ್ದಿಯನ್ನೇ ಎತ್ತದೆ ಕುರ್ಚಿ ಎಳೆದುಕೊಂಡು ಕೂತು, "ತಾತ, ಬೆಳಗ್ಗೆ ಎದ್ದ ಮೇಲೆ ಏನೇನು ಬಾಯಿಗೆ ಹಾಕ್ಕೋತೀರಿ, ಒಂದೊಂದಾಗಿ ಹೇಳಿ. ಸೊಪ್ಪು, ಬೇರು, ಪುಡಿ, ಕಷಾಯ, ಯಾವುದನ್ನೂ ಬಿಡಬೇಡಿ" ಎಂದಳು. ಮಾವ ಹುರುಪಾದರು. ಮಧುನಾಶಿನಿ, ಮೆಂತ್ಯ, ಹಸಿ ಅರಿಶಿನ, ಅಮೃತಬಳ್ಳಿ, ಮೂರು ಎಸಳು ಬೆಳ್ಳುಳ್ಳಿ—ಕಾಲು ಗಂಟೆ ಹೇಳಿದರು. ಅವಳು ಕನ್ನಡದಲ್ಲಿಯೇ ಬರೆದುಕೊಳ್ಳುತ್ತ ಹೋದಳು. ಕೊನೆಗೆ ಮಂಡಿನೋವಿಗೆಂದು ಸಿದ್ಧರ ಬೆಟ್ಟದ ಕಡೆಯ ಒಬ್ಬರು ಕೊಟ್ಟ ಬೇರೊಂದಿದೆ ಎಂದರು. ಯಾವ ಬೇರು ಎಂದು ಅವಳು ಕೇಳಿದಾಗ ಮಾವ ನನ್ನ ಮುಖ ನೋಡಿದರು. "ಹೆಸರು ಹೇಳಿದರೆ ಗುಣ ಹೋಗುತ್ತೆ ಅಂದಿದಾರಮ್ಮ."

ಅವಳು ಪೆನ್ನು ಹಿಡಿದುಕೊಂಡು ಸುಮ್ಮನೆ ಕಾದಳು. ಮಾವ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ಅವಳನ್ನು ಹತ್ತಿರ ಕರೆದು, ನನಗೆ ಕೇಳಿಸದ ಹಾಗೆ, ಅವಳ ಕಿವಿಯಲ್ಲಿ ಹೇಳಿದರು.